ತಾಳಗುಂದದ ಕಂಬ ಮತ್ತು ಅದನ್ನು ಓದಿದವರ ನಡುವಯಸ್ಸು

ಶಿಕಾರಿಪುರ ತಾಲ್ಲೂಕಿನ ತಾಳಗುಂದದಲ್ಲಿ ಪ್ರಣವೇಶ್ವರ ದೇವಾಲಯದ ಮುಂದೆ ಒಂದು ಕಲ್ಲಿನ ಕಂಬ ನಿಂತಿದೆ. ಐದನೆಯ ಶತಮಾನದ ನಡುಭಾಗದಲ್ಲಿ, ಕದಂಬ ದೊರೆ ಶಾಂತಿವರ್ಮನ ಕಾಲದಲ್ಲಿ, ಕುಬ್ಜನೆಂಬ ಕವಿ ರಚಿಸಿದ ಸಂಸ್ಕೃತ ಕಾವ್ಯ ಅದರ ಮೈಮೇಲಿದೆ. ಶಾಂತಿವರ್ಮನ ತಂದೆ ಕಾಕುಸ್ಥವರ್ಮ ಅಲ್ಲಿ ಕೆರೆ ಕಟ್ಟಿಸಿದ ಸಂಗತಿಯನ್ನು ದಾಖಲಿಸುವುದು ಶಾಸನದ ಉದ್ದೇಶ. ಕವಿ ಮಾತ್ರ ಕೆರೆಯ ಸುದ್ದಿಗೆ ಬರುವ ಮುಂಚೆ ವಂಶದ ಮೂಲಪುರುಷನ ಕಥೆ ಹೇಳುತ್ತಾನೆ. ಮಯೂರಶರ್ಮ ಗುರು ವೀರಶರ್ಮನೊಡನೆ ವೇದಾಧ್ಯಯನಕ್ಕೆಂದು ಪಲ್ಲವರ ಕಂಚಿಗೆ ಹೋಗಿ ಅಲ್ಲಿನ ಘಟಿಕೆಯೆಂಬ ವಿದ್ಯಾಕೇಂದ್ರವನ್ನು ಸೇರುತ್ತಾನೆ. ಪಲ್ಲವರ ಕುದುರೆ ಸವಾರನೊಬ್ಬನ ಜೊತೆ ಜಗಳವಾಗುತ್ತದೆ. ಆ ಅವಮಾನ ತಡೆಯಲಾರದೆ, ದರ್ಭೆ, ಸಮಿತ್ತು ಹಿಡಿದು ಪಳಗಿದ ಕೈಯಲ್ಲಿ ಕತ್ತಿ ಹಿಡಿಯುತ್ತಾನೆ. ಗಡಿ ಕಾಯುವವರನ್ನು ಸೋಲಿಸಿ ಶ್ರೀಪರ್ವತದ ಕಡೆಯ ಕಾಡು ಸೇರುತ್ತಾನೆ, ಬೃಹದ್ಬಾಣರಿಂದ ಕಪ್ಪ ಎತ್ತುತ್ತಾನೆ. ಕೊನೆಗೆ ಪಲ್ಲವರೇ ಅವನನ್ನು ಅರಸನೆಂದು ಒಪ್ಪಿಕೊಳ್ಳಬೇಕಾಗುತ್ತದೆ.

ಬದುಕಿನ ದಿಕ್ಕು ಬದಲಿಸುವುದೆಂದರೆ ನಮ್ಮ ಮನಸ್ಸಿನಲ್ಲಿ ಮೂಡುವ ಚಿತ್ರ ಇಂಥದ್ದೇ. 1975ರಲ್ಲಿ ರಾಜ್‌ಕುಮಾರ್ ಅಭಿನಯದ 'ಮಯೂರ' ಚಿತ್ರ ಬಂದಾಗ ಕನ್ನಡಿಗರು ಅದನ್ನು ಎದೆಗೆ ಅಪ್ಪಿಕೊಂಡರು. ಇದೇ ಶಿಕಾರಿಪುರ ಸೀಮೆಯ ಉಡುತಡಿಯಿಂದ ಅಕ್ಕಮಹಾದೇವಿ ಎಲ್ಲವನ್ನೂ ತೊರೆದು ಹೊರಟಳು. ಬಳ್ಳಿಗಾವಿಯಲ್ಲಿ ಮದ್ದಳೆ ನುಡಿಸುತ್ತಿದ್ದ ಅಲ್ಲಮ ಕಾಮಲತೆಯ ಸಾವಿನ ನಂತರ ಬೇರೆಯೇ ಮನುಷ್ಯನಾದ ಎಂದು ಹರಿಹರ ತನ್ನ ರಗಳೆಯಲ್ಲಿ ಹೇಳುತ್ತಾನೆ. ಎಲ್ಲವೂ ಒಂದು ಕ್ಷಣದಲ್ಲಿ ಕಡಿದು ಹೊಸದಾಗಿ ಹುಟ್ಟಿದವರ ಕಥೆಗಳು. ಇವು ದೊಡ್ಡ ಕಥೆಗಳೇ, ಅನುಮಾನವಿಲ್ಲ. ಆದರೆ ಸಾಲದ ಕಂತು, ಮಗಳ ಕಾಲೇಜು, ವಯಸ್ಸಾದ ತಾಯಿಯ ಔಷಧಿ ಇವನ್ನೆಲ್ಲ ಹೊತ್ತುಕೊಂಡು ಶಿರಾಳಕೊಪ್ಪದಲ್ಲೋ ಆನವಟ್ಟಿಯಲ್ಲೋ ನಲವತ್ತೇಳನೆಯ ವಯಸ್ಸಿನಲ್ಲಿ 'ಈ ಕೆಲಸ ಇನ್ನು ನನ್ನಿಂದಾಗದು, ಬೇರೆ ಏನಾದರೂ ಮಾಡಬೇಕು' ಎಂದುಕೊಳ್ಳುವವರನ್ನು ಅವು ಹೆದರಿಸುತ್ತವೆ. ಅಷ್ಟು ದೊಡ್ಡ ಹೆಜ್ಜೆ ನನ್ನಿಂದ ಸಾಧ್ಯವೇ ಎನ್ನಿಸುತ್ತದೆ. ಪಕ್ಕದಲ್ಲಿದ್ದವರು 'ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ' ಎಂದು ಇನ್ನಷ್ಟು ಹೆದರಿಸುತ್ತಾರೆ.

ತಾಳಗುಂದದ ಕಂಬದ ಸುತ್ತ ಇನ್ನೊಂದು ಬದುಕಿನ ತಿರುವೂ ಇದೆ. ಅದು ಕಂಬವನ್ನು ವಿದ್ವತ್ ಲೋಕಕ್ಕೆ ತೋರಿಸಿಕೊಟ್ಟ ಮನುಷ್ಯನದು. ನಡುವಯಸ್ಸಿನ ಮಿದುಳು ಹೇಗೆ ಕೆಲಸ ಮಾಡುತ್ತದೆ ಎಂಬುದಕ್ಕೆ ಮಯೂರನಿಗಿಂತ ಆತನೇ ಒಳ್ಳೆಯ ಉದಾಹರಣೆ ಎಂಬುದು ನನ್ನ ಖಚಿತ ಅಭಿಪ್ರಾಯ.

ಬೆಂಜಮಿನ್ ಲೂಯಿಸ್ ರೈಸ್ ಹುಟ್ಟಿದ್ದು 1837ರಲ್ಲಿ, ಬೆಂಗಳೂರಿನಲ್ಲಿ, ಮಿಷನರಿಯೊಬ್ಬರ ಮಗನಾಗಿ. ಓದಿಗೆ ಇಂಗ್ಲೆಂಡಿಗೆ ಹೋಗಿ 1860ರಲ್ಲಿ ಮರಳಿ ಬಂದು, ಮುಂದೆ ಸೆಂಟ್ರಲ್ ಕಾಲೇಜಾಗಿ ಬೆಳೆದ ಬೆಂಗಳೂರು ಹೈಸ್ಕೂಲಿನ ಮುಖ್ಯಸ್ಥರಾದರು. ಆಮೇಲೆ ಶಾಲೆಗಳ ತನಿಖಾಧಿಕಾರಿ, ಆಮೇಲೆ ಮೈಸೂರು ಸಂಸ್ಥಾನದ ವಿದ್ಯಾ ಇಲಾಖೆಯ ನಿರ್ದೇಶಕ. ಒಬ್ಬ ಅಧಿಕಾರಿಗೆ ಇದು ತುಂಬಿದ ಬದುಕು. ಆದರೆ ಶಾಲೆ ನೋಡಲು ಊರೂರು ಸುತ್ತುವಾಗ ದೇವಸ್ಥಾನದ ಅಂಗಳದಲ್ಲಿ, ಕೆರೆ ಏರಿಯ ಮೇಲೆ, ಹೊಲದ ಬದುವಿನಲ್ಲಿ ಬರಹ ತುಂಬಿದ ಕಲ್ಲುಗಳು ಕಣ್ಣಿಗೆ ಬೀಳುತ್ತಿದ್ದವು. ಮೇಜರ್ ಡಿಕ್ಸನ್ ಎಂಬವರು ತೆಗೆದ ಶಾಸನಗಳ ಛಾಯಾಚಿತ್ರಗಳು ಅವರ ಕೈಗೆ ಬಂದವು. ನೌಕರಿಯ ನಡುವೆಯೇ ಅವನ್ನು ಓದುತ್ತ, ಪಂಡಿತರನ್ನು ಕೇಳುತ್ತ, ಅನುವಾದಿಸುತ್ತ ಹೋದರು. 1879ರಲ್ಲಿ 'ಮೈಸೂರ್ ಇನ್‌ಸ್ಕ್ರಿಪ್ಷನ್ಸ್' ಪುಸ್ತಕ ಹೊರಬಂತು. ಆಗ ಅವರಿಗೆ ನಲವತ್ತೆರಡು. ಇದೇ ವರ್ಷಗಳಲ್ಲಿ ಮೈಸೂರು, ಕೊಡಗಿನ ಗ್ಯಾಸೆಟಿಯರನ್ನೂ ಸಿದ್ಧಪಡಿಸಿದರು.

ಮೈಸೂರು ಪುರಾತತ್ವ ಇಲಾಖೆ 1885ರಲ್ಲಿ ಹುಟ್ಟಿದಾಗ ಅದರ ನಿರ್ದೇಶಕತ್ವ ಅವರಿಗೆ ಬಂತು. ವಯಸ್ಸು ನಲವತ್ತೆಂಟರ ಹತ್ತಿರ. ನಮ್ಮ ಕಾಲದಲ್ಲಾದರೆ ಆ ವಯಸ್ಸಿನ ಅಧಿಕಾರಿ ಪಿಂಚಣಿಯ ಲೆಕ್ಕ ಹಾಕಲು ಶುರುಮಾಡಿರುತ್ತಾನೆ. ರೈಸ್ ಅವರ ನಿಜವಾದ ಕೆಲಸ ಶುರುವಾದದ್ದು ಅಲ್ಲಿಂದ. ತಾಲ್ಲೂಕು ತಾಲ್ಲೂಕು ತಿರುಗಿ 'ಎಪಿಗ್ರಾಫಿಯಾ ಕರ್ನಾಟಿಕಾ'ದ ಹನ್ನೆರಡು ಸಂಪುಟಗಳಲ್ಲಿ ಸುಮಾರು 9,000 ಶಾಸನಗಳನ್ನು ಅಚ್ಚು ಹಾಕಿಸಿದರು. ತಾಳಗುಂದದ ಕಂಬವನ್ನು ಬೆಳಕಿಗೆ ತಂದ 1894ರಲ್ಲಿ ಅವರಿಗೆ ಐವತ್ತೇಳು. ಶಿಕಾರಿಪುರದ ಶಾಸನಗಳು 1902ರ ಏಳನೆಯ ಸಂಪುಟದಲ್ಲಿ ಬಂದವು, ಸೊರಬದ ಶಾಸನಗಳು 1904ರ ಎಂಟನೆಯ ಸಂಪುಟದಲ್ಲಿ. ಅಂದರೆ ಈ ಎರಡು ತಾಲ್ಲೂಕುಗಳ ಸಾವಿರಕ್ಕೂ ಹೆಚ್ಚು ವರ್ಷಗಳ ದಾನ, ಯುದ್ಧ, ಕೆರೆ, ಮಠ, ತುರುಗೋಳುಗಳ ವೃತ್ತಾಂತ ನಮಗೆ ಸಿಕ್ಕಿದ್ದು ಅರವತ್ತೈದು ದಾಟಿದ ಮನುಷ್ಯನೊಬ್ಬನ ಮೇಜಿನಿಂದ. ಇಂದಿಗೂ ಇತಿಹಾಸದ ಸಂಶೋಧಕರು ತಾಳಗುಂದದ ಶಾಸನವನ್ನು ಶಿಕಾರಿಪುರ 176 ಎಂದು ಅವರು ಕೊಟ್ಟ ಸಂಖ್ಯೆಯಿಂದಲೇ ಗುರುತಿಸುತ್ತಾರೆ.

ಮಿದುಳಿನ ದೃಷ್ಟಿಯಿಂದ ಇಲ್ಲಿ ಏನು ನಡೆಯಿತು ಎಂದು ಕೇಳೋಣ.

ಬುದ್ಧಿಯೆಂಬುದು ಒಂದೇ ಶಕ್ತಿ, ಅದು ಇಪ್ಪತ್ತೈದಕ್ಕೆ ಶಿಖರ ಮುಟ್ಟಿ ಮುಂದೆ ಇಳಿಯುತ್ತ ಹೋಗುತ್ತದೆ ಎಂಬ ನಂಬಿಕೆ ಬಹುಕಾಲ ಇತ್ತು. ಮನಶ್ಶಾಸ್ತ್ರಜ್ಞ ರೇಮಂಡ್ ಕ್ಯಾಟೆಲ್ ಅದನ್ನು ಎರಡಾಗಿ ಬಿಡಿಸಿದರು. ಎಂದೂ ಕಾಣದ ಸಮಸ್ಯೆಯನ್ನು ಥಟ್ಟನೆ ಬಿಡಿಸುವ ಚುರುಕು ಒಂದು, ಅದನ್ನು ಅವರು ದ್ರವ ಬುದ್ಧಿ ಎಂದರು. ಓದಿ, ಕಂಡು, ಮಾಡಿ ಕೂಡಿಟ್ಟುಕೊಂಡ ತಿಳಿವಳಿಕೆ ಇನ್ನೊಂದು, ಅದು ಹರಳುಗಟ್ಟಿದ ಬುದ್ಧಿ. ಮೊದಲನೆಯದು ಬೇಗ ಇಳಿಯತೊಡಗುತ್ತದೆ. ಎರಡನೆಯದು ದಶಕಗಟ್ಟಲೆ ಏರುತ್ತದೆ. 1956ರಲ್ಲಿ ವಾರ್ನರ್ ಶಾಯಿ ಅಮೆರಿಕದ ಸಿಯಾಟಲ್‌ನಲ್ಲಿ ಶುರುಮಾಡಿದ ಅಧ್ಯಯನ ಜನರನ್ನು ಏಳು ವರ್ಷಕ್ಕೊಮ್ಮೆ ಮತ್ತೆ ಮತ್ತೆ ಪರೀಕ್ಷಿಸುತ್ತ ಬಂತು. ಬರೀ ವೇಗ ಅಳೆಯುವ ಪರೀಕ್ಷೆಗಳಲ್ಲಿ ಇಳಿಕೆ ಬೇಗ ಕಂಡಿತು. ಶಬ್ದಜ್ಞಾನ, ತರ್ಕ, ಆಕಾರಗಳನ್ನು ಮನಸ್ಸಿನಲ್ಲೇ ತಿರುಗಿಸಿ ನೋಡುವ ಶಕ್ತಿ ಇವುಗಳಲ್ಲಿ ಹೆಚ್ಚಿನವರು ತಮ್ಮ ಅತ್ಯುತ್ತಮ ಮಟ್ಟ ಮುಟ್ಟಿದ್ದು ನಡುವಯಸ್ಸಿನಲ್ಲಿ. 2015ರಲ್ಲಿ ಜೋಶುವಾ ಹಾರ್ಟ್ಸ್‌ಹೋರ್ನ್ ಮತ್ತು ಲಾರಾ ಜರ್ಮೈನ್ ಅಂತರ್ಜಾಲದ ಮೂಲಕ ಸುಮಾರು ನಲವತ್ತೆಂಟು ಸಾವಿರ ಜನರ ಮೇಲೆ ನಡೆಸಿದ ಪರೀಕ್ಷೆಗಳ ಫಲಿತಾಂಶ ಇನ್ನೂ ಸೊಗಸಾಗಿದೆ. ಸಂಕೇತಗಳನ್ನು ಬೇಗ ಹೊಂದಿಸುವ ವೇಗ ಹದಿನೆಂಟು ಇಪ್ಪತ್ತರ ಸುಮಾರಿಗೆ ತುದಿ ಮುಟ್ಟುತ್ತದೆ. ಕಣ್ಣಿನ ಚಿತ್ರ ಮಾತ್ರ ನೋಡಿ ಎದುರಿನವರ ಮನಸ್ಸನ್ನು ಊಹಿಸುವ ಶಕ್ತಿ ನಲವತ್ತು ಐವತ್ತರಲ್ಲಿ ತುದಿಯಲ್ಲಿರುತ್ತದೆ. ಶಬ್ದಭಂಡಾರ ಅರವತ್ತು ದಾಟಿದ ಮೇಲೂ ಬೆಳೆಯುತ್ತದೆ. ಮನುಷ್ಯ ಎಲ್ಲದರಲ್ಲೂ ಒಟ್ಟಿಗೆ ಶಿಖರದಲ್ಲಿರುವ ವಯಸ್ಸು ಎಂಬುದೊಂದು ಇಲ್ಲವೇ ಇಲ್ಲ.

ಶಾಸನ ಓದುವ ಕೆಲಸಕ್ಕೆ ಬೇಕಾದದ್ದು ಯಾವ ಬುದ್ಧಿ? ಸವೆದ ಅಕ್ಷರವೊಂದನ್ನು ನೋಡಿದಾಗ ಅದು ಯಾವ ಶಬ್ದದ ತುಂಡಾಗಿರಬಹುದು, ಆ ಶತಮಾನದಲ್ಲಿ ಅಂಥ ಶಬ್ದ ಬಳಕೆಯಲ್ಲಿತ್ತೇ, ಪಕ್ಕದ ಊರಿನ ಕಲ್ಲಿನಲ್ಲಿ ಇದೇ ವಂಶಾವಳಿ ಹೇಗಿದೆ ಎಂಬ ನೂರಾರು ನೆನಪುಗಳು ಒಟ್ಟಿಗೆ ಏಳಬೇಕು. ಇಪ್ಪತ್ತರ ತರುಣನ ಮಿದುಳು ಚುರುಕಾಗಿ ಹುಡುಕಬಲ್ಲದು, ಆದರೆ ಹುಡುಕಲು ಅದರ ಉಗ್ರಾಣದಲ್ಲಿ ಅಷ್ಟು ಸರಕು ಇರುವುದಿಲ್ಲ. ರೈಸ್ ಅವರಲ್ಲಿ ಇಪ್ಪತ್ತೈದು ವರ್ಷದ ಕನ್ನಡ, ಊರುಗಳ ಪರಿಚಯ, ಪಂಡಿತರ ಒಡನಾಟ, ಗ್ಯಾಸೆಟಿಯರಿಗೆಂದು ಕೂಡಿಸಿದ ಭೂಗೋಳ, ಜನಾಂಗ, ಬೆಳೆಗಳ ಮಾಹಿತಿ, ಇಲಾಖೆ ನಡೆಸಿದ ಅನುಭವ ಎಲ್ಲವೂ ಇದ್ದವು. ಮಲೆನಾಡಿನ ತೋಟಗಳಲ್ಲಿ ಹಿಪ್ಪಲಿ ಬೇರಿನ ಮೇಲೆ ಕಾಳುಮೆಣಸು ಕಸಿ ಕಟ್ಟುತ್ತಾರಲ್ಲ, ಸೊರಗು ರೋಗ ತಡೆಯುವುದು ಹಳೆಯ ಬೇರು, ಕಾಳು ಬಿಡುವುದು ಹೊಸ ಬಳ್ಳಿ. ನಡುವಯಸ್ಸಿನ ಕಲಿಕೆಯೂ ಹಾಗೆಯೇ ಆಗುವಂಥದ್ದು.

ಹಾಗಾದರೆ ಪೂರ್ತಿ ಹೊಸದನ್ನು ಕಲಿಯಲು ಆ ಮಿದುಳಿಗೆ ಬಾರದೇ? ಬರುತ್ತದೆ, ಬೆಲೆ ಕೊಡಬೇಕು ಅಷ್ಟೆ. ಲಂಡನ್ನಿನ ಟ್ಯಾಕ್ಸಿ ಚಾಲಕರು ಪರವಾನಗಿ ಪಡೆಯಲು ಊರಿನ ಸುಮಾರು ಇಪ್ಪತ್ತೈದು ಸಾವಿರ ಬೀದಿಗಳನ್ನು ತಲೆಯಲ್ಲಿಟ್ಟುಕೊಂಡು ಪರೀಕ್ಷೆ ಪಾಸಾಗಬೇಕು. ಮೂರು ನಾಲ್ಕು ವರ್ಷ ಹಿಡಿಯುವ ತಯಾರಿ ಅದು. ಎಲಿನರ್ ಮೆಗ್ವಾಯರ್ ಮತ್ತು ಕ್ಯಾಥರೀನ್ ವುಲೆಟ್ ಇಂಥ 79 ಅಭ್ಯರ್ಥಿಗಳ ಮಿದುಳನ್ನು ತಯಾರಿಯ ಆರಂಭದಲ್ಲೂ, ಅವರಲ್ಲಿ ಹೆಚ್ಚಿನವರ ಮಿದುಳನ್ನು ಕೊನೆಯಲ್ಲೂ ಎಂ.ಆರ್.ಐ. ಮಾಡಿ ನೋಡಿದರು. ಆ ಅಭ್ಯರ್ಥಿಗಳು ಎಳೆಯ ವಿದ್ಯಾರ್ಥಿಗಳಲ್ಲ, ಸರಾಸರಿ ವಯಸ್ಸು ನಲವತ್ತರ ಹತ್ತಿರ. ಅವರಲ್ಲಿ 39 ಮಂದಿ ತೇರ್ಗಡೆಯಾದರು. ಜಾಗದ ನೆನಪಿಗೆ ಮುಖ್ಯವಾದ ಹಿಪೊಕ್ಯಾಂಪಸ್ ಎಂಬ ಭಾಗದ ಹಿಂಬದಿಯಲ್ಲಿ ಬೂದು ದ್ರವ್ಯ ಹೆಚ್ಚಿದ್ದು ಆ 39 ಮಂದಿಯಲ್ಲಿ ಮಾತ್ರ. ಸೋತವರಲ್ಲಿ, ಪರೀಕ್ಷೆಯ ಗೋಜಿಗೇ ಹೋಗದವರಲ್ಲಿ ಆ ಬದಲಾವಣೆ ಇರಲಿಲ್ಲ. 2011ರಲ್ಲಿ ಪ್ರಕಟವಾದ ಈ ಅಧ್ಯಯನ ನನಗೆ ಇಷ್ಟವಾಗುವುದು ಅದರ ಇನ್ನೊಂದು ಪ್ರಾಮಾಣಿಕ ಅಂಶಕ್ಕಾಗಿ. ಪಾಸಾದವರು ಲಂಡನ್ನಿನ ನೆನಪಿನಲ್ಲಿ ಗೆದ್ದರೂ, ಜಟಿಲ ಚಿತ್ರವೊಂದನ್ನು ನೋಡಿ ಸ್ವಲ್ಪ ಹೊತ್ತಿನ ನಂತರ ನೆನಪಿನಿಂದ ಬಿಡಿಸುವ ಪರೀಕ್ಷೆಯಲ್ಲಿ ಉಳಿದವರಿಗಿಂತ ಹಿಂದೆ ಬಿದ್ದರು. ಒಂದನ್ನು ಪಡೆಯಲು ಇನ್ನೊಂದನ್ನು ಸ್ವಲ್ಪ ಬಿಟ್ಟುಕೊಟ್ಟಿರಬೇಕು.

ಜರ್ಮನಿಯಲ್ಲಿ 2008ರಲ್ಲಿ ಇನ್ನೂ ಹಿರಿಯರ ಮೇಲೆ ಪ್ರಯೋಗ ನಡೆಯಿತು. ಐವತ್ತರಿಂದ ಅರವತ್ತೇಳು ವಯಸ್ಸಿನವರಿಗೆ ಮೂರು ಚೆಂಡುಗಳನ್ನು ಗಾಳಿಯಲ್ಲಿ ಆಡಿಸುವುದನ್ನು ಮೂರು ತಿಂಗಳು ಕಲಿಸಿದರು. ಚಲನೆಯನ್ನು ಗುರುತಿಸುವ ಮಿದುಳಿನ ಭಾಗ ಹಿಗ್ಗಿತು. ಅಭ್ಯಾಸ ಬಿಟ್ಟ ಮೂರು ತಿಂಗಳಿಗೆ ಆ ಹಿಗ್ಗು ಮತ್ತೆ ಕುಗ್ಗಿತು. ಎರಡು ದಿನದ ಕಾರ್ಯಾಗಾರ ಮುಗಿಸಿ ಪ್ರಮಾಣಪತ್ರ ಹಿಡಿದು ಬಂದು ಕಪಾಟಿನಲ್ಲಿಡುವವರು ಈ ಕೊನೆಯ ವಾಕ್ಯವನ್ನು ಮತ್ತೊಮ್ಮೆ ಓದಬೇಕು.

ಹಳೆಯ ಅನುಭವ ಯಾವಾಗಲೂ ಆಸ್ತಿಯೇ ಎಂದು ಹೇಳಿದರೆ ಅದು ಅರ್ಧಸತ್ಯವಾಗುತ್ತದೆ. 1942ರಲ್ಲಿ ಅಬ್ರಹಾಂ ಲೂಚಿನ್ಸ್ ನಡೆಸಿದ ನೀರಿನ ಪಾತ್ರೆಗಳ ಪ್ರಯೋಗವನ್ನು ಯಾರು ಬೇಕಾದರೂ ಮನೆಯಲ್ಲಿ ಮಾಡಿ ನೋಡಬಹುದು. ಮೂರು ಅಳತೆಯ ಪಾತ್ರೆಗಳನ್ನು ಬಳಸಿ ಹೇಳಿದಷ್ಟು ನೀರು ಅಳೆಯಬೇಕು. ಮೊದಲ ಕೆಲವು ಲೆಕ್ಕಗಳಿಗೆ ದೊಡ್ಡ ಪಾತ್ರೆ ತುಂಬಿ, ಅದರಿಂದ ನಡುವಿನದ್ದಕ್ಕೆ ಒಮ್ಮೆ, ಚಿಕ್ಕದಕ್ಕೆ ಎರಡು ಬಾರಿ ಸುರಿಯುವುದೇ ದಾರಿ. ಆಮೇಲೆ 23, 49, 3 ಅಳತೆಯ ಪಾತ್ರೆಗಳನ್ನು ಕೊಟ್ಟು 20 ಅಳೆಯಿರಿ ಎನ್ನುತ್ತಾರೆ. 23ರಿಂದ 3 ತೆಗೆದರೆ ಮುಗಿಯಿತು. ಆದರೆ ಹಿಂದಿನ ದಾರಿಗೆ ಒಗ್ಗಿದವರಲ್ಲಿ ಹೆಚ್ಚಿನವರು 49ರಿಂದ 23 ತೆಗೆದು, 3 ತೆಗೆದು, ಮತ್ತೆ 3 ತೆಗೆದರು. ಹಿಂದಿನ ಲೆಕ್ಕಗಳನ್ನು ಮಾಡದೆ ನೇರ ಬಂದವರಿಗೆ ಸುಲಭದ ದಾರಿ ತಕ್ಷಣ ಹೊಳೆಯಿತು.

ಸೊರಬ, ಶಿಕಾರಿಪುರಗಳ ಹೊಲಗಳಲ್ಲಿ ಇದೇ ಪಾಠ ಮಣ್ಣಿನಲ್ಲೇ ಸಿಗುತ್ತದೆ. ತಲೆತಲಾಂತರದಿಂದ ಭತ್ತ ಬೆಳೆದ ಈ ಸೀಮೆಯಲ್ಲಿ ಮೆಕ್ಕೆಜೋಳ ಬಂತು, ಶುಂಠಿ ಬಂತು, ಗದ್ದೆಗಳು ಅಡಿಕೆ ತೋಟಗಳಾದವು. ಹೊಸ ಬೆಳೆಗೆ ಕೈ ಹಾಕಿದವರಲ್ಲಿ ಎಷ್ಟೋ ಜನ ನಲವತ್ತು ಐವತ್ತರ ರೈತರು. ಭತ್ತದ ರೈತನ ಜಾಣ್ಮೆಯೆಲ್ಲ ನೀರು ನಿಲ್ಲಿಸುವುದರಲ್ಲಿದೆ. ಬದು ಕಟ್ಟುವುದು, ಮಡಕೆ ಹೊಡೆದು ನೀರು ಇಂಗದಂತೆ ಕೆಸರು ಮಾಡುವುದು ಅವನ ಕೈಗೆ ಕೂತಿದೆ. ಶುಂಠಿಗೆ ನಿಂತ ನೀರೇ ಶತ್ರು. ಏರುಮಡಿ ಮಾಡಿ, ಬಸಿಗಾಲುವೆ ತೆಗೆದು ನೀರನ್ನು ಓಡಿಸಬೇಕು, ಇಲ್ಲದಿದ್ದರೆ ಗಡ್ಡೆ ಕೊಳೆಯುತ್ತದೆ. ಮಳೆ, ಮಣ್ಣು, ಕೂಲಿ, ಮಾರುಕಟ್ಟೆ, ಗೊಬ್ಬರದ ಬಗೆಗಿನ ಅವನ ಹಳೆಯ ತಿಳಿವಳಿಕೆ ಹೊಸ ಬೆಳೆಯಲ್ಲೂ ಬೆಲೆ ಬಾಳುತ್ತದೆ. ನೀರಿನ ವಿಷಯದ ತಿಳಿವಳಿಕೆ ಮಾತ್ರ ಅಡ್ಡ ಬರುತ್ತದೆ. ನಡುವಯಸ್ಸಿನಲ್ಲಿ ಕೆಲಸ ಬದಲಿಸುವ ಯಾರೇ ಆಗಲಿ ಮೊದಲು ಮಾಡಬೇಕಾದ ವಿಂಗಡಣೆ ಇದು: ನನ್ನ ಯಾವ ಅಭ್ಯಾಸ ಅಲ್ಲಿ ನೆರವಾಗುತ್ತದೆ, ಯಾವುದು ಬೆಳೆ ಕೊಳೆಸುತ್ತದೆ. ಮೂವತ್ತು ವರ್ಷ ಮೇಷ್ಟರಾಗಿದ್ದವರು ಅಂಗಡಿ ತೆರೆದಾಗ ಎದುರಿನವರಿಗೆ ವಿವರಿಸಿ ಹೇಳುವ ಕಲೆ ಜೊತೆಗೆ ಬರುತ್ತದೆ. ಎದುರಿನವರನ್ನು ತಿದ್ದುವ ಚಾಳಿಯೂ ಜೊತೆಗೆ ಬರುತ್ತದೆ.

ಸೊರಬ, ಸಾಗರಗಳ ಗುಡಿಗಾರರು ಈ ವಿಂಗಡಣೆಯನ್ನು ಯಾವ ಮನಶ್ಶಾಸ್ತ್ರದ ನೆರವೂ ಇಲ್ಲದೆ ಮಾಡಿದವರು. ಗಂಧದ ಕೆತ್ತನೆ ಅವರ ಕುಲಕಸುಬು. ರೈಸ್ ಅವರ ಗ್ಯಾಸೆಟಿಯರಿನಲ್ಲೂ ಅವರ ಕೈಚಳಕದ ಮೆಚ್ಚುಗೆ ಇದೆ. ಗಂಧದ ತುಂಡು ಸಿಗುವುದು ಕಷ್ಟವಾಗುತ್ತ ಬಂದಂತೆ ಬೇರೆ ಮರಗಳಿಗೆ ಉಳಿ ಹಚ್ಚಿದರು. ಬೇರೆ ಮರದ ಎಳೆಗೆ ತಕ್ಕಂತೆ ಏಟಿನ ಬಲ ಬದಲಾಗಬೇಕಾಯಿತು. ಬಳ್ಳಿ, ಹೂವು, ಸಿಂಹಲಲಾಟದ ವಿನ್ಯಾಸ ಕೈಯಲ್ಲಿ ಇದ್ದೇ ಇತ್ತು.

ಈ ವಯಸ್ಸಿನಲ್ಲಿ ಬದಲಾವಣೆಯ ಹಂಬಲ ಹುಟ್ಟುವುದಾದರೂ ಯಾಕೆ? 'ನಡುವಯಸ್ಸಿನ ಬಿಕ್ಕಟ್ಟು' ಎಂಬ ಮಾತನ್ನು ಹುಟ್ಟುಹಾಕಿದವರು ಕೆನಡಾ ಮೂಲದ ಮನೋವಿಶ್ಲೇಷಕ ಎಲಿಯಟ್ ಜಾಕ್ಸ್, 1965ರ ಒಂದು ಪ್ರಬಂಧದಲ್ಲಿ. ಕಲಾವಿದರ ಬದುಕುಗಳನ್ನು ನೋಡಿ, ಸಾವು ತನಗೂ ಉಂಟು ಎಂಬ ಅರಿವು ಮೂವತ್ತೈದರ ಸುಮಾರಿಗೆ ಮೊಳೆಯುತ್ತದೆ, ಅದು ಮನುಷ್ಯನನ್ನು ಅಲುಗಿಸುತ್ತದೆ ಎಂದರು. ಮುಂದೆ ಅರ್ಥಶಾಸ್ತ್ರಜ್ಞರಾದ ಡೇವಿಡ್ ಬ್ಲಾಂಚ್‌ಫ್ಲವರ್ ಮತ್ತು ಆಂಡ್ರ್ಯೂ ಓಸ್ವಾಲ್ಡ್ 2008ರಲ್ಲಿ ಹಲವಾರು ದೇಶಗಳ ಸಮೀಕ್ಷೆಗಳನ್ನು ಒಟ್ಟಿಗಿಟ್ಟು, ಬದುಕಿನ ಬಗೆಗಿನ ತೃಪ್ತಿ ಯೌವನದಿಂದ ಇಳಿಯುತ್ತ ನಲವತ್ತರ ದಶಕದಲ್ಲಿ ತಳ ಮುಟ್ಟಿ ಮತ್ತೆ ಏರುತ್ತದೆ ಎಂದು ತೋರಿಸಿದರು. 2012ರಲ್ಲಿ ಚಿಂಪಾಂಜಿ, ಒರಾಂಗುಟಾನ್ ಸೇರಿ 508 ವಾನರಗಳ ಬಗ್ಗೆ ಅವುಗಳ ಪಾಲಕರನ್ನು ಕೇಳಿದಾಗ ಅಲ್ಲೂ ನಡುವಯಸ್ಸಿನಲ್ಲಿ ಇದೇ ತಗ್ಗು ಕಂಡಿತು. ಸಾಲವಿಲ್ಲದ, ಮೇಲಧಿಕಾರಿಯಿಲ್ಲದ ಪ್ರಾಣಿಗಳಲ್ಲೂ ಇದು ಇದೆಯೆಂದರೆ ಬೇರು ಜೀವವಿಜ್ಞಾನದಲ್ಲೂ ಇರಬಹುದು. ಒಬ್ಬರನ್ನೇ ವರ್ಷಗಟ್ಟಲೆ ಹಿಂಬಾಲಿಸಿದ ಅಧ್ಯಯನಗಳಲ್ಲಿ ಈ ತಗ್ಗು ಯಾವಾಗಲೂ ಕಾಣುವುದಿಲ್ಲ, ಹಾಗಾಗಿ ವಿದ್ವಾಂಸರ ವಾದ ಮುಗಿದಿಲ್ಲ. ನಾನು ಇದರಿಂದ ತೆಗೆದುಕೊಳ್ಳುವ ಪಾಠ ಚಿಕ್ಕದು. ನಲವತ್ತಾರರಲ್ಲಿ ಬದುಕು ಬೇಸರವೆನಿಸಿದರೆ ಅದಕ್ಕೆಲ್ಲ ನೌಕರಿಯೇ ಕಾರಣವೆಂದು ಮರುದಿನವೇ ರಾಜೀನಾಮೆ ಬರೆಯುವುದು ಬೇಡ.

ಹೆಂಗಸರ ವಿಷಯದಲ್ಲಿ ಇನ್ನೊಂದು ಸಂಗತಿಯನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಮುಟ್ಟು ನಿಲ್ಲುವ ಮೊದಲಿನ ವರ್ಷಗಳಲ್ಲಿ ಅನೇಕರಿಗೆ ಹೆಸರು ನೆನಪಾಗುವುದಿಲ್ಲ, ಗಮನ ನಿಲ್ಲುವುದಿಲ್ಲ, ಹೊಸದೇನೂ ತಲೆಗೆ ಹತ್ತುವುದಿಲ್ಲ ಎನ್ನಿಸುತ್ತದೆ. ಸ್ವಸಹಾಯ ಸಂಘದ ಲೆಕ್ಕಪುಸ್ತಕ ಬರೆಯಲು ಕಲಿಯುತ್ತಿರುವ, ಹೊಲಿಗೆಯ ಕೆಲಸವನ್ನು ಅಂಗಡಿಯಾಗಿ ಬೆಳೆಸಲು ಹೊರಟ ಹೆಂಗಸು 'ನನ್ನ ತಲೆಯೇ ಕೆಟ್ಟಿತು, ಇನ್ನು ನನ್ನಿಂದಾಗದು' ಎಂದು ಕೈಬಿಡುವುದು ಇಂಥ ಹೊತ್ತಿನಲ್ಲಿ. ಅಮೆರಿಕದಲ್ಲಿ 2,362 ಮಹಿಳೆಯರನ್ನು ನಾಲ್ಕು ವರ್ಷ ಹಿಂಬಾಲಿಸಿ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಈ ಅನುಭವಕ್ಕೆ ಆಧಾರ ಸಿಕ್ಕಿತು. ಮರಳಿ ಮರಳಿ ಪರೀಕ್ಷೆ ಬರೆದಾಗ ಅಭ್ಯಾಸದಿಂದ ಆಗಬೇಕಾದ ಸುಧಾರಣೆ ಆ ಅವಧಿಯಲ್ಲಿ ಆಗಲಿಲ್ಲ. ಮುಟ್ಟು ಪೂರ್ತಿ ನಿಂತ ಮೇಲೆ ಕಲಿಯುವ ವೇಗ ಮರಳಿ ಬಂತು. ಇದೊಂದು ಮಾತನ್ನು ಪ್ರತಿ ಸಂಘದ ಸಭೆಯಲ್ಲಿ ಹೇಳಿದರೂ ಎಷ್ಟೋ ಹೆಂಗಸರು ನಡುವೆ ಬಿಟ್ಟ ಕೆಲಸಕ್ಕೆ ಮರಳಿಯಾರು.

ಹಣ ಹೂಡಿ ಸ್ವಂತ ಉದ್ಯಮ ಮಾಡುವ ಮಾತು ಬಂದಾಗ ತರುಣರದ್ದೇ ಕಾಲ ಎಂಬ ಭಾವನೆ ಗಟ್ಟಿಯಾಗಿದೆ. ಪಿಯರ್ ಅಜುಲೆ ಮತ್ತು ಸಂಗಡಿಗರು ಅಮೆರಿಕದ ತೆರಿಗೆ, ಜನಗಣತಿ ದಾಖಲೆಗಳಿಂದ 27 ಲಕ್ಷ ಸಂಸ್ಥಾಪಕರ ವಯಸ್ಸು ತೆಗೆದು ನೋಡಿದರು. ಸರಾಸರಿ 42. ಸಾವಿರಕ್ಕೆ ಒಂದರಂತೆ ಅತಿ ವೇಗವಾಗಿ ಬೆಳೆದ ಕಂಪನಿಗಳನ್ನಷ್ಟೇ ನೋಡಿದರೆ ಸಂಸ್ಥಾಪಕರ ಸರಾಸರಿ ವಯಸ್ಸು 45. ಐವತ್ತರಲ್ಲಿ ಶುರುಮಾಡಿದವರು ಅಂಥ ಯಶಸ್ಸು ಕಾಣುವ ಸಂಭವ ಮೂವತ್ತರವರಿಗಿಂತ ಹೆಚ್ಚೂಕಡಿಮೆ ಎರಡು ಪಟ್ಟು. ಅದೇ ಕ್ಷೇತ್ರದಲ್ಲಿ ಮುಂಚೆ ದುಡಿದಿದ್ದರೆ ಸಂಭವ ಇನ್ನೂ ಹೆಚ್ಚು. ನಮ್ಮಲ್ಲೂ ಉದಾಹರಣೆ ಇದೆ. ಗೊರೂರಿನ ಕ್ಯಾಪ್ಟನ್ ಗೋಪಿನಾಥ್ 1951ರಲ್ಲಿ ಹುಟ್ಟಿದವರು. ಸೈನ್ಯ ಬಿಟ್ಟು ರೈತರಾದರು. ಕಡಿಮೆ ದರದ ಏರ್ ಡೆಕ್ಕನ್ ವಿಮಾನ 2003ರಲ್ಲಿ ಹಾರಿದಾಗ ಅವರು ಐವತ್ತು ದಾಟಿದ್ದರು. ಅದಕ್ಕೂ ಮುಂಚೆ ಹೆಲಿಕಾಪ್ಟರ್ ಸೇವೆ ನಡೆಸಿ ಆ ವ್ಯವಹಾರದ ಒಳಹೊರಗು ತಿಳಿದುಕೊಂಡಿದ್ದರು.

ಮತ್ತೆ ಮಯೂರಶರ್ಮನ ಕಡೆ ನೋಡಿದರೆ ಅವನ ಕಥೆಯೂ ಸಿನಿಮಾದಲ್ಲಿ ಕಂಡಷ್ಟು ಥಟ್ಟನೆ ನಡೆದದ್ದಲ್ಲ. ಕತ್ತಿ ಹಿಡಿದ ಕ್ಷಣಕ್ಕೂ ಅರಸನಾದ ದಿನಕ್ಕೂ ನಡುವೆ ಕಾಡು, ಕಾಳಗ, ಕಪ್ಪ, ಪಲ್ಲವರೊಡನೆ ಸಂಧಾನ ಎಲ್ಲ ಇವೆ. ಶಾಸನ ಅವನನ್ನು ಮಯೂರಶರ್ಮ ಎಂದೇ ಕರೆಯುತ್ತದೆ. ಹೆಸರಿನಲ್ಲಿ ವರ್ಮ ಸೇರಿದ್ದು ಮಗನ ಕಾಲಕ್ಕೆ. ಅವನ ವಂಶದವರು ವೇದ, ಯಜ್ಞ, ಮಾನವ್ಯ ಗೋತ್ರದ ಹೆಮ್ಮೆಯನ್ನು ಬಿಡಲಿಲ್ಲ, ಆ ವಿದ್ಯೆಯನ್ನೇ ತಮ್ಮ ಅರಸೊತ್ತಿಗೆಯ ಘನತೆಯಾಗಿ ಮುಂದಿಟ್ಟರು. ಕತ್ತಿ ಹೊಸದು, ಕೈ ಮಾತ್ರ ಹಳೆಯದೇ.

ನಾನು ಬದಲಾಗುವವನಲ್ಲ ಎಂದು ಪಟ್ಟು ಹಿಡಿಯುವವರಿಗೆ 2013ರ ಒಂದು ಅಧ್ಯಯನ ಹೇಳಬೇಕು. ಜೋರ್ಡಿ ಕ್ವಾಯ್ಡ್‌ಬಾಕ್, ಡೇನಿಯಲ್ ಗಿಲ್ಬರ್ಟ್, ತಿಮೋತಿ ವಿಲ್ಸನ್ ಎಂಬವರು ಹದಿನೆಂಟರಿಂದ ಅರವತ್ತೆಂಟು ವಯಸ್ಸಿನ 19,000ಕ್ಕೂ ಹೆಚ್ಚು ಜನರನ್ನು ಕೇಳಿದರು. ಕಳೆದ ಹತ್ತು ವರ್ಷದಲ್ಲಿ ಬಹಳ ಬದಲಾಗಿದ್ದೇವೆ ಎಂದರು ಎಲ್ಲ ವಯಸ್ಸಿನವರೂ. ಮುಂದಿನ ಹತ್ತು ವರ್ಷದಲ್ಲಿ ಅಷ್ಟೇನೂ ಬದಲಾಗೆವು ಎಂದೂ ಅವರೇ ಹೇಳಿದರು. ಎಲ್ಲರೂ ಒಂದೇ ರೀತಿ ತಪ್ಪು ಊಹಿಸಿದರು. ಐವತ್ತರ ಮನುಷ್ಯ ಅರವತ್ತರಲ್ಲಿ ಹೇಗಿರುತ್ತಾನೆ ಎಂಬುದು ಅವನಿಗೇ ಗೊತ್ತಿರುವುದಿಲ್ಲ.

ರೈಸ್ ಅವರ ನೆರಳಿನಲ್ಲೇ ಇನ್ನೊಬ್ಬರು ಬೆಳೆದರು. ಆರ್. ನರಸಿಂಹಾಚಾರ್ಯರು 1860ರಲ್ಲಿ ಹುಟ್ಟಿದವರು. ಅಧ್ಯಾಪಕರಾಗಿ, ಭಾಷಾಂತರಕಾರರಾಗಿ ದುಡಿದು, ನಲವತ್ತರ ಹೊಸ್ತಿಲಲ್ಲಿ ಪುರಾತತ್ವ ಇಲಾಖೆಗೆ ರೈಸ್ ಅವರ ಸಹಾಯಕರಾಗಿ ಬಂದರು. 1906ರಲ್ಲಿ ರೈಸ್ ನಿವೃತ್ತರಾದ ಮೇಲೆ ಇಲಾಖೆಯನ್ನು ತಾವೇ ನಡೆಸಿದರು. 'ಕರ್ನಾಟಕ ಕವಿಚರಿತೆ'ಯ ಮೊದಲ ಸಂಪುಟ 1907ರಲ್ಲಿ ಬಂತು, ಮೂರನೆಯದು ಮುಗಿದದ್ದು 1929ರಲ್ಲಿ, ಅವರಿಗೆ ಅರವತ್ತೊಂಬತ್ತಾದಾಗ. ಕವಿಗಳ ಕಾಲ ನಿರ್ಣಯಕ್ಕೆ ಶಾಸನಗಳ ಪರಿಚಯ ಎಷ್ಟು ನೆರವಾಯಿತು ಎಂಬುದು ಆ ಸಂಪುಟಗಳನ್ನು ತೆರೆದವರಿಗೆ ಗೊತ್ತು. ಎರಡು ವೃತ್ತಿಗಳು ಒಂದರ ಮೇಲೊಂದು ಕೂತಾಗ ಹುಟ್ಟಿದ ಪುಸ್ತಕ ಅದು. ಕನ್ನಡ ಸಾಹಿತ್ಯದ ಇತಿಹಾಸವೆಲ್ಲ ಅದರ ಮೇಲೆ ನಿಂತಿದೆ.

ಆದರೆ ಇಬ್ಬರಿಗೂ ಬಾಗಿಲು ತೆರೆದಿತ್ತು ಎಂಬುದನ್ನು ಮರೆಯಬಾರದು. ಸಂಸ್ಥಾನ ನಲವತ್ತೆಂಟರ ಶಿಕ್ಷಣಾಧಿಕಾರಿಯನ್ನು ನಂಬಿ ಹೊಸ ಇಲಾಖೆಯನ್ನೇ ಕೈಗಿತ್ತಿತು, ಸಂಬಳ ಕೊಟ್ಟಿತು, ಸಹಾಯಕರನ್ನು ಕೊಟ್ಟಿತು, ಇಪ್ಪತ್ತು ವರ್ಷ ಕಾದಿತು. ಮಿದುಳಿನ ನಮ್ಯತೆ ಎಷ್ಟೇ ಇದ್ದರೂ ಬಾಗಿಲು ಮುಚ್ಚಿದ್ದರೆ ಅದು ಒಳಗೇ ಕೊರಗುತ್ತದೆ. ಸ್ವಾತಂತ್ರ್ಯ ಬಂದಾಗ ಭಾರತೀಯರ ಸರಾಸರಿ ಆಯುಷ್ಯ ಮೂವತ್ತೆರಡರ ಆಸುಪಾಸಿನಲ್ಲಿತ್ತು, ಅದಕ್ಕೆ ಹೆಚ್ಚಿನ ಕಾರಣ ಎಳೆಯ ಮಕ್ಕಳ ಸಾವು. ಇಂದು ಅದು ಎಪ್ಪತ್ತರ ಮೇಲಿದೆ. ನಲವತ್ತೈದರವರ ಮುಂದೆ ದುಡಿಯಬಲ್ಲ ಇಪ್ಪತ್ತು ವರ್ಷಗಳಿವೆ. ನಮ್ಮ ನಿಯಮಗಳು ಇನ್ನೂ ಆ ಹಳೆಯ ಆಯುಷ್ಯದ ಲೆಕ್ಕದಲ್ಲೇ ಇವೆ. 1982ರಲ್ಲಿ ಉಜಿರೆಯಲ್ಲಿ ಶುರುವಾಗಿ ದೇಶಕ್ಕೇ ಮಾದರಿಯಾದ ರುಡ್‌ಸೆಟ್ ಸ್ವಉದ್ಯೋಗ ತರಬೇತಿಗಳು ಹಳ್ಳಿಯ ಸಾವಿರಾರು ಜನರನ್ನು ಸ್ವಂತ ಕಾಲ ಮೇಲೆ ನಿಲ್ಲಿಸಿವೆ, ಅದಕ್ಕೆ ಕೃತಜ್ಞತೆ ಸಲ್ಲಬೇಕು. ಆ ಮಾದರಿಗೆ ಬಹುಕಾಲ ಇಟ್ಟ ವಯೋಮಿತಿ ಹದಿನೆಂಟರಿಂದ ನಲವತ್ತೈದು. ಅತಿ ಹೆಚ್ಚು ಯಶಸ್ಸು ಕಂಡ ಉದ್ಯಮಿಗಳ ಸರಾಸರಿ ವಯಸ್ಸು ಯಾವುದೋ, ತರಬೇತಿಯ ಬಾಗಿಲು ಮುಚ್ಚುತ್ತಿದ್ದ ವಯಸ್ಸೂ ಅದೇ ಆಗಿತ್ತು.

ತರಬೇತಿ, ಸಾಲ, ಕೃಷಿ ವಿಶ್ವವಿದ್ಯಾಲಯದ ಅಲ್ಪಾವಧಿ ಶಿಕ್ಷಣ ಎಲ್ಲದರಲ್ಲೂ ಐವತ್ತೈದರವರಿಗೆ ಬೆಂಚು ಹಾಕಬೇಕು. ತಾಲ್ಲೂಕು ಪಂಚಾಯಿತಿಯ ಸದಸ್ಯರಿಗೆ, ಬ್ಯಾಂಕಿನ ವ್ಯವಸ್ಥಾಪಕರಿಗೆ, ಸಂಘದ ಅಧ್ಯಕ್ಷರಿಗೆ ನಾನು ಮಾಡುವ ಮನವಿ ಇದು. ನಲವತ್ತೈದು ದಾಟಿದ ಓದುಗರಿಗೆ ಹೇಳಬೇಕಾದದ್ದೂ ಒಂದಿದೆ. ಈಗಿನ ಕೆಲಸ ಬಿಡದೆ, ದಿನಕ್ಕೆ ಒಂದು ಗಂಟೆ ಹೊಸ ಕೆಲಸಕ್ಕೆ ಕೊಡಿ, ಮೂರು ವರ್ಷ ಬಿಡದೆ ಕೊಡಿ, ಆಮೇಲೆ ನಿರ್ಧರಿಸಿ.